ಕೆಂಡದ ಮೀನು, ಮಾವಿನ ಸಾಲ್ಸಾ

ಮೀನನ್ನು ಕೆಂಡದ ಮೇಲೆ ಸುಟ್ಟು, ಸಣ್ಣಗೆ ಹೆಚ್ಚಿದ ಹಣ್ಣಿನ ಸಾಲ್ಸಾ ಜೊತೆ ಬಡಿಸುವ ಬೇಸಿಗೆಯ ಅಡುಗೆ. ಸಾಲ್ಸಾ ಮೆಕ್ಸಿಕೋ ಕಡೆಯದು. ಟೊಮ್ಯಾಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಸೇರಿದ ಅದು ನಮ್ಮ ಕೋಸಂಬರಿಗೆ ತೀರ ದೂರವೇನಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಗಳ ತೆಂಗಿನ ಸೀಮೆಯಲ್ಲಿ ಮೀನೆಂದರೆ ಸಾರು, ಸಾರೆಂದರೆ ಮುದ್ದೆ. ಆದರೂ ಈ ಅಡುಗೆಗೆ ಬೇಕಾದ ಕೆರೆಮೀನು, ಮಾವು, ಕರಟ ಮೂರೂ ಬೇಸಿಗೆಯಲ್ಲಿ ಒಟ್ಟಿಗೆ ಸಿಗುವ ಸೀಮೆ ಇದು.

ಮೂರರಲ್ಲಿ ಮುಖ್ಯವಾದದ್ದು ಕೆಂಡಕ್ಕೆ ಬೇಕಾದ ಕರಟ. ತಿಪಟೂರಿನ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದಾಗುತ್ತದೆ. ಆಮೇಲೆ ಸುಲಿದು, ಒಡೆದು, ಉಂಡೆ ತೆಗೆಯುತ್ತಾರೆ. ಹೀಗೆ ಬಂದ ಕರಟದಲ್ಲಿ ತೇವವೆಂಬುದೇ ಇರುವುದಿಲ್ಲ. ಹಸಿ ಕಾಯಿ ಒಡೆದ ಕರಟ ಹೊಗೆ ಕಾರಿದರೆ, ಇದು ಬೇಗ ಹತ್ತಿಕೊಂಡು ಗಟ್ಟಿ ಕೆಂಡವಾಗಿ ನಿಲ್ಲುತ್ತದೆ. ಉರಿ ಪೂರ್ತಿ ಇಳಿದು, ಕೆಂಡದ ಮೇಲೆ ತೆಳು ಬೂದಿ ಕೂತ ಮೇಲೆಯೇ ಮೀನಿಡಬೇಕು. ಉರಿಯಿರುವಾಗಲೇ ಇಟ್ಟರೆ ಚರ್ಮ ಕರಕಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಈ ಕಾಯುವಿಕೆಯಲ್ಲೇ ಅಡುಗೆಯ ಅರ್ಧ ಇದೆ.

ಮೀನು ಕೆರೆಯದು. ಗೊರೂರಿನ ಹೇಮಾವತಿ ಜಲಾಶಯದಿಂದ ನಾಲೆಗೆ ಬಿಟ್ಟ ನೀರು ಈ ಭಾಗದ ಹಲವು ಕೆರೆಗಳಿಗೆ ಬರುತ್ತದೆ. ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ, ರೋಹು, ಗೆಂಡೆ ಮರಿಗಳು ನೀರು ತಗ್ಗುವ ಬೇಸಿಗೆಯ ಹೊತ್ತಿಗೆ ಬಲೆಗೆ ಬರುವಷ್ಟಾಗಿರುತ್ತವೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ, ಮಾವಿನ ಕೊನೆಯ ದಿನಗಳಲ್ಲಿ ಕೆರೆಮೀನಿನ ಬೆಲೆ ಇನ್ನಷ್ಟು ತಿಳಿಯುತ್ತದೆ. ಕಾಟ್ಲಾ, ರೋಹುಗಳಲ್ಲಿ ಕವಲು ಮುಳ್ಳು ಹೆಚ್ಚು. ಸುಡಲು ಮುಳ್ಳು ಕಡಿಮೆಯಿರುವ ಕೊರವ ಎಲ್ಲಕ್ಕಿಂತ ಮೇಲು, ಅದಿಲ್ಲದಿದ್ದರೆ ಜಿಲೇಬಿ ಮೀನು.

ಅರ್ಧ ಕಿಲೋ ತೂಗುವ ಮೀನನ್ನು ಹೆರೆದು, ಹೊಟ್ಟೆ ಶುಚಿ ಮಾಡಿ, ಎರಡೂ ಪಕ್ಕ ಮೂರು ಮೂರು ಗೀರು ಹಾಕಬೇಕು. ಉಪ್ಪು, ಅರಿಸಿನ, ಕುಟ್ಟಿದ ಕಾಳುಮೆಣಸು, ಬೆಳ್ಳುಳ್ಳಿ, ಸ್ವಲ್ಪ ನಿಂಬೆರಸ ಸವರಿ ಅರ್ಧ ಗಂಟೆ ಬಿಟ್ಟರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಹುಳಿಗೆ ಮಾಂಸ ಮೆತ್ತಗಾಗುತ್ತದೆ. ತೆಂಗಿನ ಸೀಮೆಯಾದರೂ ಇಲ್ಲಿನ ಒಗ್ಗರಣೆಗೆ ಕಡಲೆಕಾಯಿ ಎಣ್ಣೆಯೇ ವಾಡಿಕೆ. ಕೆಂಡದ ಮೇಲಿಡುವ ಕಂಬಿಗೂ ಮೀನಿಗೂ ಅದನ್ನೇ ಸವರಬಹುದು. ಒಂದೊಂದು ಮಗ್ಗುಲಿಗೆ ಎಂಟು ಹತ್ತು ನಿಮಿಷ. ಮಗುಚಲು ಹೋದಾಗ ಚರ್ಮ ಕಂಬಿಗೆ ಅಂಟಿದ್ದರೆ ಎಳೆಯಬಾರದು. ಗರಿಗರಿಯಾದಾಗ ತಾನೇ ಬಿಡುತ್ತದೆ. ಬೆನ್ನುಮೂಳೆಯ ಬಳಿ ಮಾಂಸ ಬೆಳ್ಳಗಾಗಿ ಪದರ ಪದರ ಬಿಟ್ಟರೆ ಬೆಂದಿದೆ. ಕೆರೆಮೀನನ್ನು ಅರೆಬೇಯಿಸಿ ತಿನ್ನುವುದು ಬೇಡ.

ಸಾಲ್ಸಾಕ್ಕೆ ರಸಪುರಿಯಂಥ ಮೆತ್ತನೆಯ ಹಣ್ಣು ಒಗ್ಗುವುದಿಲ್ಲ, ರಸವಾಗಿಬಿಡುತ್ತದೆ. ದೋರೆಗಾಯಿ ಹದದ ತೋತಾಪುರಿ ಬೇಕು. ಹುಳಿಯೂ ಸಿಹಿಯೂ ಅದರಲ್ಲೇ ಇದೆ. ಅದನ್ನು ಕಡಲೆ ಗಾತ್ರಕ್ಕೆ ಹೆಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ, ಕೊನೆಗೆ ಎಳನೀರಿನ ಗಂಜಿಯನ್ನು ಹೆಚ್ಚಿ ಹಾಕಬೇಕು. ಗಂಜಿಯ ತಣ್ಣನೆಯ ನುಣುಪು ಸುಟ್ಟ ಮೀನಿನ ಒಣಕಲನ್ನು ಹದಗೊಳಿಸುತ್ತದೆ. ಮೆಕ್ಸಿಕೋದ ಸಾಲ್ಸಾ ಈ ಸೀಮೆಯದಾಗುವುದು ಇಲ್ಲೇ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ‘ಸಿದ್ದು’ ಹಲಸನ್ನೂ ಮಾವಿನ ಬದಲು ಬಳಸಬಹುದು, ನಿಂಬೆ ಮಾತ್ರ ಹೆಚ್ಚು ಬೇಕು. ಉಪ್ಪು ಬೀಳಬೇಕಾದ್ದು ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಸಾರಿಲ್ಲದ ಈ ಮೀನಿಗೆ ಮುದ್ದೆ ಹೊಂದುವುದಿಲ್ಲ, ಅಕ್ಕಿರೊಟ್ಟಿ ಹೊಂದುತ್ತದೆ. ದೊಡ್ಡ ಮೀನು ತಂದು ತುಂಡು ಮಾತ್ರ ಸುಟ್ಟರೆ, ಉಳಿದ ತಲೆಯನ್ನು ಹುಣಸೆಹುಳಿ, ಕಾಯಿ ಮಸಾಲೆಯಲ್ಲಿ ಕುದಿಸಿದರೆ ರಾತ್ರಿಯ ಮುದ್ದೆಗೆ ಸಾರಾಯಿತು.