ಡಿಶ್‌ವಾಶರ್ ಮನೆಗೆ ಬೇಕೇ? ಫಾರ್ವರ್ಡ್‌ಗಳು ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಪಾತ್ರೆ ತೊಳೆಯುವ ಯಂತ್ರದ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದರ ಪ್ರಕಾರ, ಕೈಯಲ್ಲಿ ತೊಳೆದರೆ ನೂರು ಲೀಟರ್ ನೀರು ಹಾಳು, ಯಂತ್ರಕ್ಕೆ ಹತ್ತೇ ಲೀಟರ್ ಸಾಕು. ಇನ್ನೊಂದರ ಪ್ರಕಾರ, ಯಂತ್ರದಲ್ಲಿ ತೊಳೆದ ತಟ್ಟೆಯಲ್ಲಿ ಉಂಡರೆ ಕರುಳು ಕೆಡುತ್ತದೆ, ಮಕ್ಕಳಿಗೆ ಅಲರ್ಜಿ ಬರುತ್ತದೆ. ಎರಡರ ಹಿಂದೆಯೂ ನಿಜವಾದ ಸಂಶೋಧನೆಗಳಿವೆ. ಆದರೆ ಸಂದೇಶವಾಗಿ ನಮ್ಮ ಕೈಗೆ ಬರುವಷ್ಟರಲ್ಲಿ ಅರ್ಧ ಮಾತು ಬಿಟ್ಟುಹೋಗಿರುತ್ತದೆ. ಮೂವತ್ತು ನಲವತ್ತು ಸಾವಿರ ರೂಪಾಯಿ ಹಾಕುವ ಮೊದಲು ಪೂರ್ತಿ ಮಾತು ಗೊತ್ತಿರುವುದು ಒಳ್ಳೆಯದು.

ಯಂತ್ರ ಕೆಲಸ ಮಾಡುವುದು ಹೇಗೆ?

ಡಿಶ್‌ವಾಶರ್ ಪಾತ್ರೆಯನ್ನು ತಿಕ್ಕುವುದಿಲ್ಲ. ತಳದಲ್ಲಿ ಸ್ವಲ್ಪ ನೀರು ತುಂಬಿಕೊಂಡು, ಅದನ್ನು 50ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ತಿರುಗುವ ಕೊಳವೆಗಳಿಂದ ಪಾತ್ರೆಗಳ ಮೇಲೆ ಜೋರಾಗಿ ಚಿಮ್ಮಿಸುತ್ತದೆ. ಅದೇ ನೀರನ್ನು ಸೋಸಿ ಮತ್ತೆ ಮತ್ತೆ ಬಳಸುವುದರಿಂದಲೇ ಕಡಿಮೆ ನೀರು ಸಾಕಾಗುತ್ತದೆ. ಜಿಡ್ಡು ಬಿಡಿಸುವುದು ಬಿಸಿನೀರು ಮತ್ತು ಡಿಟರ್ಜೆಂಟ್‌ನ ಕ್ಷಾರ. ಅನ್ನ, ಬೇಳೆಯ ಅಂಶವನ್ನು ಕರಗಿಸುವುದು ಅದರಲ್ಲಿರುವ ಎಂಜೈಮ್‌ಗಳು.

ಇದು ಹೊಸ ಯಂತ್ರವೇನಲ್ಲ. ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ 1886ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮಲ್ಲಿ ಹೆಚ್ಚಿನವರ ಗಮನ ಇದರ ಕಡೆ ಹೋಗಿದ್ದು 2020ರ ಲಾಕ್‌ಡೌನ್‌ನಲ್ಲಿ, ಮನೆಗೆಲಸದವರು ಬರಲಾಗದೆ ಸಿಂಕ್ ತುಂಬಿದಾಗ.

ಸಂದೇಶ 1: "ಯಂತ್ರದಿಂದ 90 ಲೀಟರ್ ನೀರು ಉಳಿತಾಯ"

ಅರ್ಧ ನಿಜ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಂಶೋಧಕರು ಯುರೋಪಿನ ಏಳು ದೇಶಗಳ 113 ಜನರಿಂದ ತಲಾ 12 ಜನ ಉಂಡಷ್ಟು ಪಾತ್ರೆ ತೊಳೆಸಿ ನೋಡಿದ್ದರು. ಸರಾಸರಿ ಸುಮಾರು 100 ಲೀಟರ್ ನೀರು ಖರ್ಚಾಯಿತು. ಅಷ್ಟೇ ಪಾತ್ರೆಗೆ ಯಂತ್ರ ಬಳಸಿದ್ದು 15ರಿಂದ 22 ಲೀಟರ್. ಈಗಿನ ಯಂತ್ರಗಳು ಸುಮಾರು 10 ಲೀಟರ್‌ನಲ್ಲೂ ಮುಗಿಸುತ್ತವೆ. ಸಂದೇಶ ಬಿಟ್ಟಿರುವ ಮಾತು ಏನೆಂದರೆ, ಅಲ್ಲಿ ನೀರು ಚೆಲ್ಲಿದ್ದಕ್ಕೆ ಮುಖ್ಯ ಕಾರಣ ತೊಳೆಯುವ ರೀತಿ. ಒಬ್ಬೊಬ್ಬರ ಖರ್ಚಿನ ನಡುವೆ ಭಾರಿ ಅಂತರವಿತ್ತು.

2020ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ನಲ್ಲಿ ಬಿಟ್ಟುಕೊಂಡು ತೊಳೆಯುವುದಕ್ಕಿಂತ ಯಂತ್ರ ಒಳ್ಳೆಯದು. ಆದರೆ ಒಂದು ತೊಟ್ಟಿಯಲ್ಲಿ ತಿಕ್ಕಿ ಇನ್ನೊಂದರ ತಣ್ಣೀರಿನಲ್ಲಿ ಜಾಲಾಡಿಸಿದರೆ, ಪರಿಸರಕ್ಕೆ ಯಂತ್ರಕ್ಕಿಂತಲೂ ಕಡಿಮೆ ಹೊರೆ. ಬಚ್ಚಲಲ್ಲಿ ಎರಡು ಬಕೆಟ್ ಇಟ್ಟುಕೊಂಡು ಮುಸುರೆ ತಿಕ್ಕುತ್ತಿದ್ದ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಇದನ್ನೇ.

ನಿಮ್ಮ ಮನೆಯ ಲೆಕ್ಕ ನೀವೇ ನೋಡಬಹುದು. ಪಾತ್ರೆ ತೊಳೆಯುವಾಗ ಸಿಂಕ್‌ನ ಕೆಳಗಿನ ಪೈಪ್ ಬಿಚ್ಚಿ ಬಕೆಟ್ ಇಡಿ. ದಿನಕ್ಕೆ ಮೂರ್ನಾಲ್ಕು ಬಕೆಟ್ ತುಂಬಿದರೆ ಯಂತ್ರದಿಂದ ನೀರು ಉಳಿಯುತ್ತದೆ. ಒಂದೇ ಬಕೆಟ್ ಆದರೆ ನೀರಿನ ಹೆಸರಲ್ಲಿ ಯಂತ್ರ ಕೊಳ್ಳುವ ಅಗತ್ಯವಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡಂಥ ನೀರಿನ ಬರ ಮತ್ತೆ ಬಂದರೆ, ನಲ್ಲಿಗೆ ಹಾಕುವ ಏರೇಟರ್ ಬಹಳ ಕಡಿಮೆ ಖರ್ಚಿನಲ್ಲಿ ನೀರು ಉಳಿಸುತ್ತದೆ.

ಸಂದೇಶ 2: "ನಮ್ಮ ಅಡುಗೆಯ ಪಾತ್ರೆಗೆ ಇದು ಆಗದು"

ಎಣ್ಣೆ, ಮಸಾಲೆ ಯಂತ್ರಕ್ಕೆ ತೊಂದರೆಯಲ್ಲ. ಬಿಸಿನೀರಿಗೆ ಜಿಡ್ಡು ಸುಲಭವಾಗಿ ಬಿಡುತ್ತದೆ. ಕಷ್ಟವಾಗುವುದು ತಳ ಹಿಡಿದ ಹಾಲು, ಒಣಗಿ ಅಂಟಿದ ಮುದ್ದೆ ಹಿಟ್ಟು. ಅವನ್ನು ಮೊದಲೇ ನೆನೆಸಬೇಕು. ಅದಕ್ಕಿಂತ ಮುಖ್ಯ ಪ್ರಶ್ನೆ, ನಿಮ್ಮ ಪಾತ್ರೆಗಳು ಯಾವ ಲೋಹದವು ಎಂಬುದು.

ಹಾಕಬಹುದಾದವು: ಸ್ಟೀಲ್ ತಟ್ಟೆ, ಲೋಟ, ಸೌಟು, ಸ್ಟೀಲ್ ಕುಕ್ಕರ್ (ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು), ಗಾಜು, ಪಿಂಗಾಣಿ.

ಹಾಕಬಾರದವು:
• ಅಲ್ಯೂಮಿನಿಯಂ ಪಾತ್ರೆ. ಡಿಟರ್ಜೆಂಟ್‌ನ ಕ್ಷಾರ ಮೇಲ್ಪದರವನ್ನು ಕರಗಿಸಿ ಕಪ್ಪಾಗಿಸುತ್ತದೆ.
• ಕಬ್ಬಿಣದ ದೋಸೆ ಕಾವಲಿ, ಬಾಣಲೆ. ವರ್ಷಗಟ್ಟಲೆ ಪಳಗಿಸಿದ ಎಣ್ಣೆಯ ಪದರ ಹೋಗಿ ತುಕ್ಕು ಹಿಡಿಯುತ್ತದೆ.
• ತಾಮ್ರ, ಹಿತ್ತಾಳೆ, ಕಲಾಯಿ ಹಾಕಿದ ಪಾತ್ರೆ, ಬೆಳ್ಳಿ ಲೋಟ.
• ಮಣ್ಣಿನ ಮಡಕೆ, ಕಲ್ಲು ಚಟ್ಟಿ. ಡಿಟರ್ಜೆಂಟ್ ಹೀರಿಕೊಳ್ಳುತ್ತವೆ.
• ಮರದ ಸೌಟು, ಲಟ್ಟಣಿಗೆ. ಬಿರುಕು ಬಿಡುತ್ತವೆ.

ಒಂದು ದಿನದ ಪಾತ್ರೆಯನ್ನು ಈ ಎರಡು ಪಟ್ಟಿಗಳಿಗೆ ಹಂಚಿ ನೋಡಿ. ಅರ್ಧಕ್ಕಿಂತ ಹೆಚ್ಚು ಎರಡನೆಯದರಲ್ಲಿ ಬಿದ್ದರೆ, ಯಂತ್ರ ತಂದರೂ ಸಿಂಕ್ ಮುಂದೆ ನಿಲ್ಲುವುದು ತಪ್ಪದು.

ಸಂದೇಶ 3: "ಮೊದಲು ತೊಳೆದೇ ಹಾಕಬೇಕು, ಮತ್ತೇಕೆ ಯಂತ್ರ?"

ಸುಳ್ಳು. ತಟ್ಟೆಯ ಕರಿಬೇವು, ಮೂಳೆ, ಉಳಿದ ಅನ್ನವನ್ನು ಕಸಕ್ಕೆ ಕೊಡವಿದರೆ ಸಾಕು. ನಲ್ಲಿಯಡಿ ತೊಳೆದು ಹಾಕಿದರೆ ಉಳಿಯಬೇಕಾದ ನೀರು ಅಲ್ಲೇ ಹೋಗುತ್ತದೆ. ಆದರೆ ಒಳಗಿನ ಜರಡಿಯನ್ನು ಆಗಾಗ ತೆಗೆದು ತೊಳೆಯಲೇಬೇಕು. ಇಲ್ಲದಿದ್ದರೆ ವಾಸನೆ ಬರುತ್ತದೆ.

ಸಂದೇಶ 4: "ಅಲರ್ಜಿ ಬರುತ್ತದೆ, ಕರುಳು ಕೆಡುತ್ತದೆ"

ಇದನ್ನು ಎರಡು ಭಾಗವಾಗಿ ನೋಡೋಣ. 2015ರಲ್ಲಿ ಸ್ವೀಡನ್‌ನ ಸಂಶೋಧಕರು 7–8 ವರ್ಷದ ಸುಮಾರು ಸಾವಿರ ಮಕ್ಕಳ ಮಾಹಿತಿ ಕಲೆಹಾಕಿದರು. ಕೈಯಲ್ಲಿ ಪಾತ್ರೆ ತೊಳೆಯುವ ಮನೆಗಳ ಮಕ್ಕಳಲ್ಲಿ ಅಲರ್ಜಿ ಕಡಿಮೆ ಕಂಡಿತು. ಆದರೆ ಅದು ಪ್ರಶ್ನಾವಳಿ ಆಧಾರಿತ ಅಧ್ಯಯನ. ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದಷ್ಟೇ ಅದು ಹೇಳುತ್ತದೆ, ಯಂತ್ರದಿಂದಲೇ ಅಲರ್ಜಿ ಬಂತು ಎಂದಲ್ಲ.

ಕರುಳಿನ ಮಾತು ಬಂದದ್ದು ಸ್ವಿಟ್ಜರ್ಲೆಂಡ್‌ನ ಸಂಶೋಧನೆಯಿಂದ. ಪಾತ್ರೆ ಹೊಳೆಯಲು, ಬೇಗ ಒಣಗಲು ಬಳಸುವ ರಿನ್ಸ್ ಏಡ್ ದ್ರವದ ಒಂದು ಅಂಶ ಕರುಳಿನ ಜೀವಕೋಶಗಳ ತಡೆಗೋಡೆಗೆ ಹಾನಿ ಮಾಡಬಹುದು ಎಂದು ಅದು ಹೇಳಿತು. ಆ ಪ್ರಯೋಗ ನಡೆದದ್ದು ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಮನುಷ್ಯರ ಮೇಲೆ ಅಲ್ಲ. ಮುಖ್ಯ ಆತಂಕ ಇದ್ದದ್ದೂ ಹೋಟೆಲ್, ಕ್ಯಾಂಟೀನ್‌ಗಳ ವೇಗದ ಯಂತ್ರಗಳ ಬಗ್ಗೆ. ಮನಸ್ಸಿಗೆ ಅಳುಕಿದ್ದರೆ ರಿನ್ಸ್ ಏಡ್ ಪ್ರಮಾಣವನ್ನು ಕನಿಷ್ಠಕ್ಕೆ ಇಡಿ. ಪಾತ್ರೆ ಸ್ವಲ್ಪ ತಡವಾಗಿ ಒಣಗುತ್ತದೆ, ಅಷ್ಟೆ.

ನಿಜವಾದ ಅಪಾಯ ಬೇರೆ ಇದೆ. ಬಣ್ಣಬಣ್ಣದ ಡಿಟರ್ಜೆಂಟ್ ಟ್ಯಾಬ್ಲೆಟ್ ಮಕ್ಕಳಿಗೆ ಮಿಠಾಯಿಯಂತೆ ಕಾಣುತ್ತದೆ. ಬಾಯಿಗೆ ಹಾಕಿಕೊಂಡರೆ ಸುಡುತ್ತದೆ. ಕೈಗೆಟುಕದಂತೆ ಇಡಿ.

ಖರ್ಚಿನ ಲೆಕ್ಕ

40 ಸಾವಿರದ ಯಂತ್ರ 10 ವರ್ಷ ಬಾಳಿದರೆ ದಿನಕ್ಕೆ ಸುಮಾರು 11 ರೂಪಾಯಿ. ಒಂದು ಬಾರಿ ಓಡಿಸಲು 1ರಿಂದ 1.5 ಯೂನಿಟ್ ಕರೆಂಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 6ರಿಂದ 9 ರೂಪಾಯಿ. ಡಿಟರ್ಜೆಂಟ್, ಉಪ್ಪು, ರಿನ್ಸ್ ಏಡ್ ಸೇರಿ 15ರಿಂದ 25 ರೂಪಾಯಿ ಎಂದುಕೊಳ್ಳಿ. ಒಟ್ಟು ದಿನಕ್ಕೆ 32ರಿಂದ 45 ರೂಪಾಯಿ, ತಿಂಗಳಿಗೆ ಸುಮಾರು ಸಾವಿರದಿಂದ 1,350. ರಿಪೇರಿ ಇದರಲ್ಲಿ ಸೇರಿಲ್ಲ.

ಗೃಹಜ್ಯೋತಿ ಯೋಜನೆಯಲ್ಲಿರುವವರು ಒಂದು ವಿಷಯ ಗಮನಿಸಬೇಕು. ದಿನಾ ಓಡಿಸಿದರೆ ತಿಂಗಳಿಗೆ 30ರಿಂದ 45 ಯೂನಿಟ್ ಹೆಚ್ಚಾಗುತ್ತದೆ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನೀವೇ ಕಟ್ಟಬೇಕು.

ಹಣದಲ್ಲಿ ಹೇಳಲಾಗದ ಲೆಕ್ಕ

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ಸೊಂಟ ನೋವಿನ ಅತ್ತೆ, ಸೋಪಿನಿಂದ ಕೈ ಬಿರಿದ ಅಮ್ಮ, ಕೆಲಸ ಮುಗಿಸಿ ಎಂಟಕ್ಕೆ ಮನೆಗೆ ಬಂದು ಸಿಂಕ್ ಮುಂದೆ ನಿಲ್ಲುವ ಸೊಸೆ ಇದ್ದರೆ, ಯಂತ್ರ ಆಡಂಬರವಲ್ಲ. ಆದರೆ ಯಂತ್ರಕ್ಕೆ ಪಾತ್ರೆ ಜೋಡಿಸುವುದು, ತೆಗೆದಿಡುವುದು ಕೂಡ ಅವರ ಪಾಲಿಗೇ ಬಿದ್ದರೆ ಹೊರೆ ಇಳಿದಂತಾಗುವುದಿಲ್ಲ. ಹಾಗೆಯೇ ಮನೆಗೆಲಸಕ್ಕೆ ಬರುವವರನ್ನು ಒಮ್ಮೆಲೇ ಬಿಡಿಸುವುದು ಅವರ ಸಂಸಾರದ ಆದಾಯಕ್ಕೆ ಪೆಟ್ಟು. ಯಂತ್ರಕ್ಕಾಗದ ಪಾತ್ರೆ, ಗುಡಿಸಿ ಒರೆಸುವ ಕೆಲಸ ಮೊದಲಿನಂತೆ ಇದ್ದೇ ಇರುತ್ತದೆ. ನಿರ್ಧಾರಕ್ಕೆ ಮುನ್ನ ಅವರೊಂದಿಗೂ ಮಾತಾಡಿ.

ಕೊಳ್ಳುವ ಮುನ್ನ ನೋಡಬೇಕಾದ್ದು

• ನೀರಿನ ಒತ್ತಡ: ಹಲವು ಯಂತ್ರಗಳಿಗೆ ಕನಿಷ್ಠ 0.3ರಿಂದ 0.5 ಬಾರ್ ಬೇಕು. ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸಿಗುವುದು 1 ಬಾರ್. ಮೇಲಿನ ಮಹಡಿಯವರಿಗೆ ಕಡಿಮೆ ಬೀಳಬಹುದು.
• ಗಡಸು ನೀರು: ಬೋರ್‌ವೆಲ್ ನೀರಾದರೆ ಯಂತ್ರಕ್ಕೆ ಡಿಶ್‌ವಾಶರ್ ಉಪ್ಪು ಹಾಕಲೇಬೇಕು. ಇಲ್ಲದಿದ್ದರೆ ಲೋಟದ ಮೇಲೆ ಬಿಳಿ ಕಲೆ ಕೂರುತ್ತದೆ. ಅಡುಗೆ ಉಪ್ಪು ಬೇಡ.
• 16 ಆಂಪ್ಸ್ ಪ್ಲಗ್, ಹತ್ತಿರದಲ್ಲೇ ನಲ್ಲಿ ಮತ್ತು ನೀರು ಹೋಗುವ ಪೈಪ್.
• ಪಾತ್ರೆ ತೊಳೆಯುವ ಸಾಮಾನ್ಯ ಲಿಕ್ವಿಡ್ ಹಾಕಬೇಡಿ. ನೊರೆ ಉಕ್ಕಿ ಹೊರಗೆ ಬರುತ್ತದೆ.

ನಮ್ಮ ತೀರ್ಮಾನ

ನಾಲ್ಕು ಜನಕ್ಕಿಂತ ಹೆಚ್ಚಿರುವ, ಸ್ಟೀಲ್ ಪಾತ್ರೆಯೇ ಹೆಚ್ಚು ಬಳಸುವ, ತೊಳೆಯಲು ಬಿಡುವಿಲ್ಲದ ಮನೆಗೆ ಡಿಶ್‌ವಾಶರ್ ಉಪಯುಕ್ತ. ಇಬ್ಬರೇ ಇರುವ ಮನೆಗೆ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆ ಹೆಚ್ಚಿರುವ ಮನೆಗೆ, ನೀರಿನ ಒತ್ತಡ ಕಡಿಮೆ ಇರುವ ಮನೆಗೆ ಸದ್ಯಕ್ಕೆ ಬೇಡ. "ನೀರು ಉಳಿಯುತ್ತದೆ", "ಕರುಳು ಕೆಡುತ್ತದೆ" ಎಂಬ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರ ಮನೆಯಲ್ಲಿ, ಹೇಗೆ ತೊಳೆದಾಗ?