ಗೈಲರ್‌ನ ಪ್ರಸಂಗಗಳು: ಮರದಚ್ಚು, ಚರ್ಮ, ಹಿತ್ತಾಳೆ ಕೊಂಡಿ

ರೈನ್ ನದಿಯ ದಂಡೆಯ ಸ್ಟ್ರಾಸ್‌ಬರ್ಗ್ ಇಂದು ಫ್ರಾನ್ಸಿನಲ್ಲಿದೆ. ಹದಿನೈದನೆಯ ಶತಮಾನದಲ್ಲಿ ಅದು ಜರ್ಮನ್ ಮಾತಿನ ಸ್ವತಂತ್ರ ನಗರ, ಮುದ್ರಣದ ದೊಡ್ಡ ಕೇಂದ್ರಗಳಲ್ಲಿ ಒಂದು. ಅಲ್ಲಿನ ಮಹಾದೇವಾಲಯದಲ್ಲಿ 1478ರಿಂದ 1510ರಲ್ಲಿ ತೀರಿಕೊಳ್ಳುವವರೆಗೂ ಯೊಹಾನ್ ಗೈಲರ್ ಎಂಬ ಪಾದ್ರಿ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಿದ. ಕೇಳಲು ಬರುವ ಜನರಿಗಾಗಿ 1480ರ ದಶಕದಲ್ಲಿ ಹಾನ್ಸ್ ಹಾಮರ್ ಎಂಬ ಶಿಲ್ಪಿ ಕಲ್ಲಿನ ಪ್ರಸಂಗಪೀಠವನ್ನು ಕೆತ್ತಿದ. ಅದು ಇಂದಿಗೂ ಇದೆ.

ಗೈಲರ್ ಟಿಪ್ಪಣಿ ಬರೆದುಕೊಳ್ಳುತ್ತಿದ್ದುದು ಲ್ಯಾಟಿನ್ನಿನಲ್ಲಿ, ಮಾತಾಡುತ್ತಿದ್ದುದು ಜನರ ಜರ್ಮನ್ನಿನಲ್ಲಿ. ಹಾಗಾಗಿ ಅವನ ಹೆಸರಿನ ಪುಸ್ತಕಗಳಲ್ಲಿ ಬಹಳಷ್ಟು ಅವನೇ ಬರೆದವಲ್ಲ. ಸನ್ಯಾಸಿನಿಯರು ಕೇಳಿ ಬರೆದಿಟ್ಟುಕೊಂಡದ್ದು, ಶಿಷ್ಯರು ಟಿಪ್ಪಣಿಗಳಿಂದ ಬೆಳೆಸಿದ್ದು, ಲ್ಯಾಟಿನ್ನಿನಿಂದ ಮತ್ತೆ ಜರ್ಮನ್ನಿಗೆ ತಿರುಗಿಸಿದ್ದು ಹೀಗೆ ಹಲವು ಕೈ ದಾಟಿ ಅವು ಅಚ್ಚಿಗೆ ಬಂದವು. ಯೊಹಾನೆಸ್ ಪೌಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಸಿದ್ಧಪಡಿಸಿದ ಆವೃತ್ತಿಗಳನ್ನು ಗೈಲರ್‌ನ ಸೋದರಳಿಯ ಪೀಟರ್ ವಿಕ್‌ಗ್ರಾಮ್ ಬಹಿರಂಗವಾಗಿಯೇ ಆಕ್ಷೇಪಿಸಿದ. ಆದರೂ ಆ ಊರಿನ ಆಡುಮಾತಿನ ಲಯ ಇಷ್ಟಾದರೂ ಉಳಿದಿರುವುದು ಈ ಬರಹಗಾರರ ದೆಸೆಯಿಂದಲೇ.

ಪಾದ್ರಿಗಳಿಗಾಗಿ ಅಚ್ಚಾಗುತ್ತಿದ್ದ ಲ್ಯಾಟಿನ್ ಪ್ರಸಂಗ ಸಂಗ್ರಹಗಳಲ್ಲಿ ಚಿತ್ರ ಅಪರೂಪ. ನ್ಯೂರೆಂಬರ್ಗಿನ ಯೊಹಾನೆಸ್ ಹೆರೋಲ್ಟ್‌ನ ಸಂಗ್ರಹ 1500ಕ್ಕೆ ಮುಂಚೆಯೇ ಮತ್ತೆ ಮತ್ತೆ ಅಚ್ಚಾಯಿತು. ಎರಡು ಕಾಲಂಗಳಲ್ಲಿ ಒತ್ತಾಗಿ ಜೋಡಿಸಿದ ಅಕ್ಷರಗಳೇ ಅದರ ತುಂಬ. ಚಿತ್ರಗಳು ಬಂದದ್ದು ಮನೆಯಲ್ಲಿ ಓದುವ ಗೃಹಸ್ಥರಿಗಾಗಿ, ದೇಶಭಾಷೆಯ ಪುಸ್ತಕಗಳಲ್ಲಿ. 1510ರಲ್ಲಿ ಆಗ್ಸ್‌ಬರ್ಗಿನಲ್ಲಿ ಅಚ್ಚಾದ ಗೈಲರ್‌ನ ‘ದಾಳಿಂಬೆ’ಗೆ ಹಾನ್ಸ್ ಬರ್ಗ್‌ಮೈರ್ ಚಿತ್ರ ಬರೆದ; ಮರುವರ್ಷದ ಸ್ಟ್ರಾಸ್‌ಬರ್ಗ್ ಆವೃತ್ತಿಗೆ ಹಾನ್ಸ್ ಬಾಲ್ಡುಂಗ್ ಗ್ರೀನ್. ಸೆಬಾಸ್ಟಿಯನ್ ಬ್ರಾಂಟ್‌ನ ‘ಮೂರ್ಖರ ಹಡಗು’ 1494ರಲ್ಲಿ ಬಾಸೆಲ್‌ನಲ್ಲಿ ಪ್ರಕಟವಾಗಿತ್ತು. 1498–99ರಲ್ಲಿ ಗೈಲರ್ ಈ ಕಾವ್ಯವನ್ನೇ ಹಿಡಿದು, ಒಬ್ಬೊಬ್ಬ ಮೂರ್ಖನನ್ನೂ ಎದುರಿಗಿಟ್ಟು ಪ್ರಸಂಗ ಮಾಡಿದ. ಜೀವಂತ ಕವಿಯೊಬ್ಬನ ಕೃತಿ ಪ್ರಸಂಗಪೀಠ ಏರಿದ್ದು ಆ ಕಾಲಕ್ಕೆ ದಿಟ್ಟ ನಡೆ. ಆ ಪ್ರಸಂಗಗಳನ್ನು ಪೌಲಿ ಲ್ಯಾಟಿನ್ನಿನಿಂದ ಮತ್ತೆ ಜರ್ಮನ್ನಿಗೆ ತಂದ. ಯೊಹಾನೆಸ್ ಗ್ರುನಿಂಗರ್ 1520ರಲ್ಲಿ ಅವನ್ನು ಸಚಿತ್ರವಾಗಿ ಅಚ್ಚು ಹಾಕಿದ.

ಈ ಚಿತ್ರಗಳೆಲ್ಲ ಮರದಚ್ಚಿನವು. ಮರದಚ್ಚಿನಲ್ಲಿ ಚಿತ್ರಗಾರ ಬೇರೆ, ಕೆತ್ತುವವನು ಬೇರೆ. ಹಲಗೆಯ ಮೇಲೆ ಬರೆದ ಗೆರೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆದರೆ ಗೆರೆ ಉಬ್ಬಿ ನಿಲ್ಲುತ್ತದೆ. ಹಲಗೆಯ ದಪ್ಪ ಸೀಸದ ಅಕ್ಷರದ ಎತ್ತರಕ್ಕೆ ಸರಿಯಾಗಿದ್ದರಿಂದ ಚಿತ್ರವನ್ನೂ ಪಠ್ಯವನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು ಒಂದೇ ಒತ್ತಿಗೆ ಅಚ್ಚು ತೆಗೆಯಬಹುದಿತ್ತು. ತಾಮ್ರದ ಫಲಕಕ್ಕೆ ಈ ಅನುಕೂಲವಿರಲಿಲ್ಲ. ಹಲಗೆಗಳು ವರ್ಷಗಟ್ಟಲೆ ಬಾಳುತ್ತಿದ್ದವು, ಬೇರೆ ಬೇರೆ ಪುಸ್ತಕಗಳಿಗೆ ದುಡಿಯುತ್ತಿದ್ದವು. ಗ್ರುನಿಂಗರ್ ಅಂತೂ ಮನುಷ್ಯ, ಮರ, ಮನೆ ಎಂದು ಬಿಡಿಬಿಡಿ ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ ಹೊಸ ದೃಶ್ಯ ಕಟ್ಟುತ್ತಿದ್ದ. ಹುಳು ಕೊರೆದ ಹಲಗೆ ಮುದ್ರಣದಲ್ಲಿ ಸಣ್ಣ ಬಿಳಿ ಚುಕ್ಕೆ ಬಿಡುತ್ತದೆ. ಯಾವ ಪ್ರತಿ ಮೊದಲು, ಯಾವುದು ಆಮೇಲೆ ಎಂದು ಹೇಳಲು ವಿದ್ವಾಂಸರಿಗೆ ಆ ಚುಕ್ಕೆಯೂ ಸಾಕ್ಷಿ.

ಮುದ್ರಕ ಸಾಮಾನ್ಯವಾಗಿ ಮಾರುತ್ತಿದ್ದುದು ಬಿಡಿ ಹಾಳೆಗಳನ್ನು. ಕೊಂಡವನು ತನ್ನೂರಿನಲ್ಲೋ ಮಠದಲ್ಲೋ ಕಟ್ಟಿಸಿಕೊಳ್ಳಬೇಕು. ಆದ್ದರಿಂದ ಒಂದೇ ಮುದ್ರಣದ ಎರಡು ಪ್ರತಿಗಳ ಹೊರರೂಪ ಬೇರೆಯಾಗಿರುತ್ತದೆ. ಮಡಿಸಿದ ಹಾಳೆಗಳನ್ನು ಬೆನ್ನಿನ ಅಡ್ಡ ಹುರಿಗಳಿಗೆ ಹೊಲಿದು, ಹುರಿಯ ತುದಿಯನ್ನು ಓಕ್ ಅಥವಾ ಬೀಚ್ ಹಲಗೆಯ ತೂತಿಗೆ ಪೋಣಿಸಿ ಬೆಣೆ ಹೊಡೆಯುತ್ತಿದ್ದರು. ಮೇಲೆ ಪಟಿಕದಲ್ಲಿ ಹದಮಾಡಿದ ಬಿಳಿ ಹಂದಿಚರ್ಮ. ಕೆಲವೊಮ್ಮೆ ಖರ್ಚು ಉಳಿಸಲು ಬೆನ್ನಿಗಷ್ಟೇ ಚರ್ಮ, ಉಳಿದ ಹಲಗೆ ಬರಿದೇ. ಚರ್ಮದ ಮೇಲೆ ಬಿಸಿ ಲೋಹದ ಮುದ್ರೆಗಳಿಂದ ಹೂವು, ಸಿಂಹ, ಗುಲಾಬಿಗಳನ್ನು ಬಂಗಾರವಿಲ್ಲದೆ ಒತ್ತುತ್ತಿದ್ದರು. ಪುಸ್ತಕ ಬಿರಿಯದಂತೆ ಹಿತ್ತಾಳೆಯ ಕೊಂಡಿ: ಜರ್ಮನ್ ನಾಡಿನಲ್ಲಿ ಪಟ್ಟಿ ಹಿಂಬದಿಯ ಹಲಗೆಯಿಂದ ಹೊರಟು ಮುಂಬದಿಗೆ ಸಿಕ್ಕಿಕೊಳ್ಳುತ್ತದೆ, ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಇದಕ್ಕೆ ತಿರುವುಮುರುವು. ಹಲಗೆಯ ಒಳಮೈಗೆ ಅಂಟಿಸಲು ಉಪಯೋಗವಿಲ್ಲದ ಹಳೆಯ ಹಸ್ತಪ್ರತಿಗಳ ಚರ್ಮದ ಹಾಳೆಯನ್ನು ಕತ್ತರಿಸಿ ಬಳಸುತ್ತಿದ್ದರು. ಹೀಗೆ ಕಳೆದುಹೋದ ಕೃತಿಗಳ ಚೂರುಗಳು ಪ್ರಸಂಗಪುಸ್ತಕದ ಮಡಿಲಲ್ಲಿ ಉಳಿದುಕೊಂಡಿವೆ.

ಹತ್ತೊಂಬತ್ತನೆಯ ಶತಮಾನದ ಶ್ರೀಮಂತ ಸಂಗ್ರಾಹಕರು ಈ ಒರಟು ಕಟ್ಟನ್ನು ಕಿತ್ತು, ಹಾಳೆಗಳನ್ನು ತೊಳೆದು, ಅಂಚು ಕತ್ತರಿಸಿ, ಬಂಗಾರದ ಗೆರೆಯ ಮೊರಾಕೊ ಚರ್ಮ ಹೊದಿಸಿದರು. ಅದರೊಂದಿಗೆ ಅಂಚಿನ ಟಿಪ್ಪಣಿ, ಒಡೆಯರ ಹೆಸರು, ಮಠದಲ್ಲಿ ಪುಸ್ತಕವನ್ನು ಬಿಗಿದಿಟ್ಟಿದ್ದ ಸರಪಳಿಯ ಗುರುತು ಎಲ್ಲವೂ ಹೋದವು. ಪಠ್ಯ ಬೇರೆ ಪ್ರತಿಯಲ್ಲಿ ಸಿಕ್ಕೀತು. ಕಿತ್ತ ಕಟ್ಟು ಮತ್ತೆಲ್ಲೂ ಸಿಗದು. ಇಂದು ಜರ್ಮನಿಯ ಗ್ರಂಥಾಲಯಗಳು ಉಳಿದ ಕಟ್ಟುಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಮುದ್ರೆಗಳ ಪಡಿಯಚ್ಚು ತೆಗೆದಿರಿಸಿವೆ. ಅವನ್ನು ಹೋಲಿಸಿ, ಹೆಸರು ಬಿಡದೆ ಹೋದ ಕಟ್ಟುಗಾರ ಯಾವ ಊರಿನವನು, ಯಾವ ಮಠಕ್ಕೆ ಕೆಲಸ ಮಾಡಿದ ಎಂಬುದನ್ನು ವಿದ್ವಾಂಸರು ಗುರುತಿಸುತ್ತಾರೆ.