ಬ್ಯಾಲಾಳು ಡೀಪ್ ಸ್ಪೇಸ್ ನೆಟ್‌ವರ್ಕ್

ಚಂದ್ರ, ಮಂಗಳ, ಸೂರ್ಯರತ್ತ ಭಾರತ ಕಳಿಸಿದ ನೌಕೆಗಳ ಜಾಡು ಹಿಡಿದು, ಅವಕ್ಕೆ ಆಜ್ಞೆ ರವಾನಿಸಿ, ಅವು ಕಳಿಸುವ ಮಾಹಿತಿಯನ್ನು ಪಡೆಯುವ ಭೂಕೇಂದ್ರ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಮೈಸೂರು ರಸ್ತೆಯಿಂದ ಒಳಕ್ಕೆ, ಬ್ಯಾಲಾಳು ಗ್ರಾಮದ ಬಳಿ ಇದೆ. ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಸಂಸ್ಥೆ ಇದನ್ನು ನಡೆಸುತ್ತದೆ. ರಾಕೆಟ್ ಮೇಲೇರುವ ಗಳಿಗೆಯನ್ನು ಇಡೀ ದೇಶ ನೋಡುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೌಕೆಯನ್ನು ಕಾಯುವ ಈ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಕಕ್ಷೆಯಲ್ಲಿರುವ ನೌಕೆಯ ಜಾಡನ್ನು ರೇಡಿಯೊದಿಂದ ಹಿಡಿಯುವ ವಿದ್ಯೆ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್‌ನಷ್ಟೇ ಹಳೆಯದು. 1957ರ ಅಕ್ಟೋಬರ್‌ನಲ್ಲಿ ಅದು ಹಾರಿದ ಕೆಲವೇ ದಿನಗಳಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಅದರ ‘ಬೀಪ್’ ಸದ್ದನ್ನು ಹಿಡಿದರು. ಉಪಗ್ರಹ ಹತ್ತಿರ ಬರುವಾಗ ತರಂಗದ ಆವೃತ್ತಿ ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ಈ ಡಾಪ್ಲರ್ ಪಲ್ಲಟವನ್ನೇ ಆಧಾರವಾಗಿಟ್ಟು ಅವರು ಕಕ್ಷೆಯನ್ನು ಲೆಕ್ಕ ಹಾಕಿದರು. ಬ್ಯಾಲಾಳುವಿನಲ್ಲಿ ಇಂದಿಗೂ ನೌಕೆಯ ವೇಗ ತಿಳಿಯುವುದು ಹೀಗೆಯೇ. ದೂರ ತಿಳಿಯಲು ಇಲ್ಲಿಂದ ಕಳಿಸಿದ ಸಂಕೇತ ನೌಕೆಯಿಂದ ಮರಳಿ ಬರಲು ಹಿಡಿಯುವ ಸಮಯವನ್ನು ಅಳೆಯುತ್ತಾರೆ.

ಭಾರತದ ಆರಂಭ ತೀರಾ ಕೊರತೆಯಲ್ಲಿ ಆಯಿತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದಾಗ, ಬೆಂಗಳೂರಿನಲ್ಲಿ ಮಾಹಿತಿ ಸ್ವೀಕರಿಸುವ ಕೇಂದ್ರಕ್ಕೆ ಜಾಗವಿಲ್ಲದೆ ಶೌಚಾಲಯವೊಂದನ್ನೇ ಮಾರ್ಪಡಿಸಿಕೊಂಡಿದ್ದರು. 1982ರಲ್ಲಿ ಇನ್ಸಾಟ್ ಉಪಗ್ರಹ ಸರಣಿಗಾಗಿ ಹಾಸನದಲ್ಲಿ ಮುಖ್ಯ ನಿಯಂತ್ರಣ ಕೇಂದ್ರ ಬಂತು. ಸರಣಿಯ ಮೊದಲ ಉಪಗ್ರಹ ಇನ್ಸಾಟ್-1ಎ ಇಂಧನ ತೀರಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೈತಪ್ಪಿತು. ಆದರೂ 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಹಗಲಿರುಳು ಕಾಯುವುದನ್ನು ಇಸ್ರೊ ರೂಢಿಸಿಕೊಂಡದ್ದು ಹಾಸನದಲ್ಲೇ.

ಚಂದ್ರ ಇರುವುದು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ದೂರದಲ್ಲಿ. ದೂರ ಹತ್ತು ಪಟ್ಟಾದರೆ ತಲುಪುವ ಸಂಕೇತದ ಬಲ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಚಂದ್ರಯಾನ-1ಕ್ಕೆ ದೊಡ್ಡ ಆಂಟೆನಾ ಬೇಕೇ ಬೇಕಾಯಿತು. ಸುತ್ತ ಗುಡ್ಡ, ನಡುವೆ ತಗ್ಗು ಇರುವ ಬ್ಯಾಲಾಳುವಿನ ನೆಲ ಇದಕ್ಕೆ ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಊರುಗಳ ರೇಡಿಯೊ ಗದ್ದಲವನ್ನು ಗುಡ್ಡಗಳು ತಡೆಯುತ್ತವೆ. ಇಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಎರಡು ಆಂಟೆನಾಗಳು ಎದ್ದವು. ದೊಡ್ಡದನ್ನು ಕಟ್ಟಿದ್ದು ಹೈದರಾಬಾದಿನ ಇಸಿಐಎಲ್ ಕಂಪನಿ. ವೃತ್ತಾಕಾರದ ಹಳಿಯ ಮೇಲೆ ಚಕ್ರಗಳಲ್ಲಿ ಸಾಗುತ್ತ, ಭೂಮಿ ತಿರುಗಿದಷ್ಟೂ ಇದು ನೌಕೆಯತ್ತಲೇ ಮುಖ ಮಾಡಿರುತ್ತದೆ. ಉದ್ಘಾಟನೆ ಆದದ್ದು 2008ರ ಅಕ್ಟೋಬರ್ 17ರಂದು. ಐದೇ ದಿನಕ್ಕೆ ಚಂದ್ರಯಾನ-1 ಹಾರಿತು.

ಮಂಗಳಯಾನದಲ್ಲಿ ಒಂದೇ ನೆಲೆಯ ಮಿತಿಯೂ ಕಂಡಿತು. ಅದನ್ನು ಹೊತ್ತ ಪಿಎಸ್ಎಲ್‌ವಿ ರಾಕೆಟ್ಟಿನ ಕೊನೆಯ ಹಂತ ಉರಿಯಬೇಕಿದ್ದುದು ದಕ್ಷಿಣ ಶಾಂತಸಾಗರದ ಮೇಲೆ. ಅಲ್ಲಿ ನಿಲ್ಲಲು ನೆಲವಿಲ್ಲ. ಹಾಗಾಗಿ ನಳಂದಾ, ಯಮುನಾ ಎಂಬ ಹಡಗುಗಳಲ್ಲಿ ಆಂಟೆನಾ ಹೊರಿಸಿ ಕಳಿಸಿದರು. ಕೆಟ್ಟ ಹವೆಯಿಂದ ಒಂದು ಹಡಗು ತಡವಾದ್ದಕ್ಕೆ ಉಡಾವಣೆಯೇ 2013ರ ನವೆಂಬರ್ 5ಕ್ಕೆ ಸರಿಯಿತು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೌಕೆ ಮಂಗಳದ ಕಕ್ಷೆ ಸೇರಲು ಎಂಜಿನ್ ಹೊತ್ತಿಸುವಾಗ ಮಂಗಳ ಭಾರತದ ಆಕಾಶದಲ್ಲಿರಲಿಲ್ಲ. ಸಾಲದ್ದಕ್ಕೆ, 24 ನಿಮಿಷದ ಉರಿಯ ನಡುವೆಯೇ ನೌಕೆ ಗ್ರಹದ ಹಿಂಬದಿಗೆ ಮರೆಯಾಯಿತು. ಸಂಕೇತ ಒಂದು ಬದಿಗೇ ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯುತ್ತಿದ್ದುದರಿಂದ ಆಗ ತಿದ್ದುವುದೂ ಅಸಾಧ್ಯ. ಆಜ್ಞೆಗಳನ್ನೆಲ್ಲ ಮೊದಲೇ ತುಂಬಿಟ್ಟಿದ್ದರು. ಯಶಸ್ಸಿನ ಸುದ್ದಿ ಬೆಂಗಳೂರಿಗೆ ಬಂದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನಾಸಾ ಕೇಂದ್ರದ ಮೂಲಕ. ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಹೀಗೆ ಭೂಮಿಯ ಮೂರು ಕಡೆ ನಾಸಾ ನೆಲೆ ಹೂಡಿರುವುದೇಕೆಂದು ಆ ಬೆಳಿಗ್ಗೆಯೇ ಹೇಳುತ್ತದೆ.

2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕಳೆದುಹೋದರೂ ಆರ್ಬಿಟರ್ ಉಳಿಯಿತು. ನಾಲ್ಕು ವರ್ಷಗಳ ಬಳಿಕ ಚಂದ್ರಯಾನ-3ರ ಲ್ಯಾಂಡರ್‌ಗೂ ಭೂಮಿಗೂ ನಡುವೆ ಸಂದೇಶ ದಾಟಿಸಲು ಅದೇ ನೆರವಾಯಿತು. 15 ಲಕ್ಷ ಕಿ.ಮೀ. ದೂರದಿಂದ ಸೂರ್ಯನನ್ನು ನೋಡುವ ಆದಿತ್ಯ-ಎಲ್1 ಕೂಡ ಬ್ಯಾಲಾಳುವಿನೊಡನೆ ಸಂಪರ್ಕದಲ್ಲಿದೆ.

ಮಾತು ನಿಂತ ನೌಕೆಯನ್ನು ಹುಡುಕುವುದು ಬೇರೆಯೇ ಬಗೆ. 2009ರ ಆಗಸ್ಟ್ 29ರಂದು ಸಂಪರ್ಕ ಕಡಿದುಕೊಂಡ ಚಂದ್ರಯಾನ-1, ಬದಿಗೆ ಒಂದೂವರೆ ಮೀಟರ್ ಅಳತೆಯ ಪೆಟ್ಟಿಗೆ. 2016ರ ಜುಲೈಯಲ್ಲಿ ನಾಸಾ ತಂಡ ಗೋಲ್ಡ್‌ಸ್ಟೋನ್‌ನ 70 ಮೀಟರ್ ಆಂಟೆನಾದಿಂದ ಚಂದ್ರನ ಉತ್ತರ ಧ್ರುವದತ್ತ ರಾಡಾರ್ ತರಂಗ ಬಿಟ್ಟು, ಪ್ರತಿಧ್ವನಿಯನ್ನು ಗ್ರೀನ್ ಬ್ಯಾಂಕ್ ರೇಡಿಯೊ ದೂರದರ್ಶಕದಲ್ಲಿ ಆಲಿಸಿತು. ಧ್ರುವದ ಮೇಲೆ ಹಾದುಹೋಗುವ ಕಕ್ಷೆಯಾದ್ದರಿಂದ ನೌಕೆ ಆ ಕಿರಣವನ್ನು ದಾಟಲೇಬೇಕಿತ್ತು. ನಾಲ್ಕು ಗಂಟೆಯೊಳಗೆ ಎರಡು ಸಲ ದಾಟಿತು. ಭೂಮಿಯ ಸುತ್ತಲಿನ ಇಂಥ ಮೂಕ ವಸ್ತುಗಳ ಮೇಲೆ ಕಣ್ಣಿಟ್ಟು, ಭಾರತದ ಉಪಗ್ರಹಗಳಿಗೆ ಡಿಕ್ಕಿಯ ಮುನ್ಸೂಚನೆ ಕೊಡಲು ಇಸ್ರೊ 2022ರಲ್ಲಿ ಬೆಂಗಳೂರಿನಲ್ಲೇ ಪ್ರತ್ಯೇಕ ಕೇಂದ್ರ ತೆರೆದಿದೆ.